ಪಕ್ಕದ ಮನೆಯ ಇಂಗಿನ ವಾಸನೆ

ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಗೆ ಹೋಗಿ ಸ್ಲೋ ಕುಕ್ಕರಿನ ಸ್ವಿಚ್ ಹಾಕಿ ಬಂದರೆ, ಮಧ್ಯಾಹ್ನದ ಹೊತ್ತಿಗೆ ಅದರ ವಾಸನೆ ಕಾರಿಡಾರಿಗೆ ಬರುತ್ತದೆ. ಮೊದಲು ಈರುಳ್ಳಿ, ಆಮೇಲೆ ಸೋಯಾ ಸಾಸು ಮತ್ತು ಶುಂಠಿ, ಕೊನೆಯಲ್ಲಿ ಬೀಫೂ ಆಲೂಗಡ್ಡೆಯೂ ಒಂದಕ್ಕೊಂದು ಬೆರೆತ ದಟ್ಟ ವಾಸನೆ. ನಾನು ಹುಟ್ಟಿದಾಗಿನಿಂದ ಮಾಂಸ ತಿಂದವಳಲ್ಲ, ತಿನ್ನುವ ಆಸೆಯೂ ಇಲ್ಲ. ಆದರೂ ಈ ವಾಸನೆ ಬಂದಾಗಲೆಲ್ಲ ನನಗೆ ನೆನಪಾಗುವುದು, ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಈರುಳ್ಳಿಯನ್ನೂ ಅಡುಗೆಮನೆಯೊಳಗೆ ಬಿಟ್ಟುಕೊಳ್ಳದಿದ್ದ ನನ್ನ ಅತ್ತೆ.

ಅವರು ಮೈಸೂರಿನಿಂದ ಜಪಾನಿನ ಫುನಾಬೊರಿಯ ನಮ್ಮ ಫ್ಲ್ಯಾಟಿಗೆ ಬಂದದ್ದು ಒಂದು ಚಳಿಗಾಲದಲ್ಲಿ. ಮಾವ ತೀರಿಕೊಂಡು ವರ್ಷ ಕಳೆದಿತ್ತು. ಒಬ್ಬರೇ ಇದ್ದು ಮಂಕಾಗಿಬಿಟ್ಟಿದ್ದಾರೆ ಎಂದು ನನ್ನ ಗಂಡ ಹಟ ಹಿಡಿದು ಕರೆಸಿಕೊಂಡಿದ್ದರು. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚಾಗಿ ಪುಡಿಗಳು, ಹಪ್ಪಳ, ಪಂಚಾಂಗ, ಇಂಗಿನ ಡಬ್ಬಿ. ಬೇಳೆ ಅಕ್ಕಿ ಎಲ್ಲ ಹತ್ತಿರದ ನಿಶಿ-ಕಸಾಯಿಯ ಇಂಡಿಯನ್ ಅಂಗಡಿಯಲ್ಲೇ ಸಿಗುತ್ತದೆ ಎಂದರೆ ಅವರಿಗೆ ನಂಬಿಕೆಯಿಲ್ಲ. ಸಿಕ್ಕಿದರೂ ಅದು ಎಂಥ ಬೇಳೆಯೋ ಏನೋ!

ಅತ್ತೆಯ ಮೂಗು ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ನೈವೇದ್ಯಕ್ಕೆಂದು ಮಾಡಿದ ಅಡುಗೆಯನ್ನು ಮೊದಲೇ ರುಚಿ ನೋಡುವಂತಿಲ್ಲವಲ್ಲ, ಹಾಗಾಗಿ ಮದುವೆಯಾಗಿ ಬಂದ ದಿನದಿಂದ ಅವರು ಉಪ್ಪು, ಹುಳಿ, ಖಾರವನ್ನೆಲ್ಲ ಆವಿಯಲ್ಲೇ ಹೇಳುತ್ತಿದ್ದರು. ಮೂಸಿ ನೋಡುವುದೂ ತಪ್ಪೇ ಅಲ್ಲವೇ ಎಂದು ಹೊಸದರಲ್ಲಿ ನಾನು ತಲೆಹರಟೆ ಮಾಡಿದ್ದೆ. "ನಾನೆಲ್ಲೇ ಮೂಸಿದೆ? ಬಾಗಿಲಲ್ಲಿ ನಿಂತಿದ್ದೆ, ವಾಸನೆ ತಾನಾಗಿ ಬಂತು. ಬರಬೇಡ ಅನ್ನೋಕಾಗುತ್ತಾ?" ಎಂದಿದ್ದರು. ಆ ಬಾಗಿಲಿನ ನ್ಯಾಯ ಅವರನ್ನು ಕೊನೆಯವರೆಗೂ ಕಾಪಾಡಿತು.

ಅಂಥ ಮೂಗನ್ನು ಹೊತ್ತು ಅವರು ಬಂದಿಳಿದದ್ದು ಪಕ್ಕದ ಮನೆಯಜ್ಜಿಯ ಅಡುಗೆಮನೆಯ ಪಕ್ಕಕ್ಕೆ! ಆ ಅಜ್ಜಿ, ಅವರ ಗಂಡ, ಇಬ್ಬರೇ. ಪ್ರತಿ ಶುಕ್ರವಾರ ಅಲ್ಲಿ ಸ್ಲೋ ಕುಕ್ಕರಿನಲ್ಲಿ ನಿಕುಜಾಗಾ, ಅಂದರೆ ಬೀಫ್ ಮತ್ತು ಆಲೂಗಡ್ಡೆ, ಬೆಳಗಿನಿಂದ ಸಂಜೆಯವರೆಗೆ ಬೇಯುತ್ತಿತ್ತು. ಇಲ್ಲಿ ನೋಡಿದರೆ ಶುಕ್ರವಾರವೇ ಅತ್ತೆ ದೇವಿಗೆ ಪಾಯಸ ಮಾಡಬೇಕು. ಪಕ್ಕದವರ ಅಡುಗೆಮನೆಯ ಫ್ಯಾನು ಕಾರಿಡಾರಿಗೆ ಗಾಳಿ ಬಿಡುತ್ತದೆ, ನಮ್ಮ ಕಿಟಕಿಯೂ ಅಲ್ಲೇ. ಅತ್ತೆ ಕಿಟಕಿ ಮುಚ್ಚಿ, ಸಂದಿಗೆ ಟವೆಲ್ ತುರುಕಿ, ಊದುಬತ್ತಿ ಹಚ್ಚಿ, "ಆಯಮ್ಮನ ಕರೆಂಟ್ ಮಡಕೆ ಶುರುವಾಯ್ತು" ಎಂದು ಗೊಣಗುತ್ತಿದ್ದರು. ಒಳಗೆ ಬೇಯುತ್ತಿರುವುದು ಏನೆಂದು ಕೇಳಲಿಲ್ಲ, ನಾನು ಹೇಳಲೂ ಹೋಗಲಿಲ್ಲ.

ಹೀಗಿರುವಾಗ ಪಕ್ಕದ ಮನೆಯಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಆಮೇಲೆ ವಾರಗಟ್ಟಲೆ ಆಸ್ಪತ್ರೆಯಲ್ಲೇ ಇದ್ದು ನಡೆಯುವುದನ್ನು ಹೊಸದಾಗಿ ಕಲಿಯಬೇಕಿತ್ತು. ನಾನು ಜಪಾನಿಗೆ ಹೊಸದಾಗಿ ಬಂದಾಗ ಯಾವ ಕಸ ಯಾವ ದಿನ ಎನ್ನುವುದರಿಂದ ಹಿಡಿದು, ನನ್ನ ಮಗಳಿಗೆ ಜ್ವರ ಬಂದಾಗ ಯಾವ ಡಾಕ್ಟರು ಎನ್ನುವವರೆಗೆ ಕೈಹಿಡಿದು ನಡೆಸಿದವರು ಅವರು. ಆಸ್ಪತ್ರೆಯಿಂದ ನನಗೆ ಫೋನ್ ಮಾಡಿದರು. ಮಾತಿಗೆ ಮೊದಲೇ ನಾಲ್ಕಾರು ಸಲ ಸುಮಿಮಾಸೆನ್, ಕ್ಷಮಿಸಿ ಎಂದು. ಗಂಡ ಏನೂ ತಿನ್ನುತ್ತಿಲ್ಲವಂತೆ, ಶುಕ್ರವಾರದ ಆ ಒಂದು ಅಡುಗೆಯಾದರೆ ತಿನ್ನಬಹುದು. ತಮ್ಮ ಮಗಳು ದೂರದ ಊರಿನಲ್ಲಿದ್ದಾಳಂತೆ. ನಿನ್ನಂಥವಳಿಗೆ ಹೇಳಬಾರದ ಕೆಲಸ, ಮಾಂಸ ಅವರೇ ಹಾಕಿಕೊಳ್ಳುತ್ತಾರೆ, ಮಿಕ್ಕದ್ದನ್ನು ಮಾಡಿಕೊಡುತ್ತೀಯಾ... ಇಷ್ಟು ಹೇಳುವಷ್ಟರಲ್ಲಿ ಅವರು ಅಳುತ್ತಿದ್ದರು. ನಾನು ಹೂಂ ಎಂದೆ. ಫೋನಿಟ್ಟು ತಿರುಗಿ ನೋಡಿದೆ. ಅತ್ತೆ ಒಳಗೆ ಕೂತು ಹೂಬತ್ತಿ ಹೊಸೆಯುತ್ತಿದ್ದರು.

ಶುಕ್ರವಾರ ನನಗೆ ಮನೆಯಿಂದಲೇ ಆಫೀಸಿನ ಕೆಲಸ. ಕಸ ಹಾಕಿ ಬರುತ್ತೇನೆ ಎಂದು ಹೊರಟು ಪಕ್ಕದ ಮನೆಗೆ ನುಗ್ಗಿದೆ. ಮೇಜಿನ ಮೇಲೆ ಕೊಂಬಿನಿ ಅಂಗಡಿಯಿಂದ ತಂದ ಒನಿಗಿರಿ ಅನ್ನದುಂಡೆಗಳು ಕವರು ಬಿಚ್ಚದೆ ಬಿದ್ದಿದ್ದವು. ಅಜ್ಜನ ಶರ್ಟಿನ ಕಾಲರಿನಲ್ಲಿ ಕುತ್ತಿಗೆ ಸಣ್ಣದಾಗಿ ಕಾಣುತ್ತಿತ್ತು. ನಾನು ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಹೆಚ್ಚಿ ಹಾಕಿದೆ. ಅಜ್ಜ ಮಾಂಸದ ಪ್ಯಾಕೆಟ್ ಬಿಚ್ಚಿ, ನನಗೆ ಕಾಣದಂತೆ ಬೆನ್ನು ತಿರುಗಿಸಿ ಪಾತ್ರೆಗೆ ಸುರಿದರು. ಸೋಯಾ ಸಾಸು, ಸಕ್ಕರೆ, ಅಡುಗೆಗೆ ಹಾಕುವ ಸಾಕೆ ಎಂಬ ಅಕ್ಕಿಯ ಮದ್ಯ, ಎಲ್ಲ ಅಂದಾಜಿನ ಮೇಲೆ. ಹಸಿ ಮಾಂಸದ ವಾಸನೆಯನ್ನು ನನ್ನಿಂದ ತಡೆಯಲಾಗಲಿಲ್ಲ. ನಮ್ಮವರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಮನೆಗೆ ಓಡಿಬಂದು ಒಂದು ದೊಡ್ಡ ಚಿಟಿಕೆ ಇಂಗು ತೆಗೆದುಕೊಂಡು ಹೋಗಿ ಹಾಕಿಬಿಟ್ಟೆ.

ಸಂಜೆ ಕೇಳಿದರೆ "ಓಯಿಶೀ" ಎಂದರು ಅಜ್ಜ, ತುಂಬಾ ರುಚಿಯಾಗಿದೆ ಎಂದು. ಮರುದಿನ ಮುಚ್ಚಳ ತೆಗೆದು ನೋಡಿದರೆ ಪಾತ್ರೆ ತುಂಬ ಹಾಗೇ ಇತ್ತು. ಮುಂದಿನ ವಾರವೂ ಅದೇ ಓಯಿಶೀ, ಅದೇ ತುಂಬಿದ ಪಾತ್ರೆ. ಇಲ್ಲಿನವರ ಬಾಯಲ್ಲಿ ಚೆನ್ನಾಗಿಲ್ಲ ಎನ್ನಿಸುವುದು ಯಾರಿಂದಲೂ ಸಾಧ್ಯವಿಲ್ಲ. ರುಚಿ ನೋಡಲು ನನ್ನಿಂದಾಗದು, ನೋಡಿದವರು ನಿಜ ಹೇಳರು. ಅತ್ತ ಅಜ್ಜಿ ಫೋನಿನಲ್ಲಿ, ಅವರು ಹೀಗೇ ಉಪವಾಸ ಕೂತರೆ ನಾನು ತರಬೇತಿ ಬಿಟ್ಟು ಮನೆಗೆ ಬಂದುಬಿಡುತ್ತೇನೆ ಎನ್ನತೊಡಗಿದರು. ಈಗ ಬಿಟ್ಟು ಬಂದರೆ ಜೀವನಪೂರ್ತಿ ಗಾಲಿಕುರ್ಚಿಯೇ ಗತಿ ಎಂದು ಡಾಕ್ಟರು ಹೇಳಿದ್ದರಂತೆ. ಒಂದು ಪಾತ್ರೆ ಆಲೂಗಡ್ಡೆಯ ಮೇಲೆ ಆಕೆಯ ಕಾಲು ನಿಂತಿತ್ತು. ನನಗೆ ರಾತ್ರಿ ಊಟ ಸೇರುತ್ತಿರಲಿಲ್ಲ.

ಆ ಶನಿವಾರ ಕಾಫಿ ಕುಡಿಯುತ್ತಾ ಅತ್ತೆ ಕೇಳಿದರು, "ಆಯಮ್ಮ ಆಸ್ಪತ್ರೆಯಲ್ಲಿದಾರೆ ಅಂದೆ. ಮತ್ತೆ ನಿನ್ನೆ ಆ ಕರೆಂಟ್ ಮಡಕೆಯಿಂದ ಇಂಗಿನ ವಾಸನೆ ಹೇಗೆ ಬಂತು?"

ನಾನು ಲೋಟ ಕೆಳಗಿಟ್ಟೆ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಬಿದ್ದದ್ದು, ಫೋನು, ಅಜ್ಜನ ಉಪವಾಸ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಬೀಫ್ ಎನ್ನುವಲ್ಲಿಗೆ ಬಂದಾಗ ಅತ್ತೆ ಕೈಯೆತ್ತಿ ತಡೆದರು. "ಅದೇನು ಅಂತ ನಂಗೆ ಗೊತ್ತು. ಬಾಯಲ್ಲಿ ಹೇಳ್ಬೇಡ." ಎದ್ದು ಒಳಗೆ ಹೋದರು. ಮುಗಿಯಿತು, ನಾಳೆಯೇ ವಾಪಸ್ ಟಿಕೆಟ್ ಕೇಳುತ್ತಾರೆ ಎಂದುಕೊಂಡೆ. ಅವರು ಹೋದದ್ದು ತಮ್ಮ ಇಂಗಿನ ಡಬ್ಬಿ ನೋಡಲು. ಅದನ್ನು ಹಿಡಿದುಕೊಂಡೇ ಬಂದರು.

"ಎಷ್ಟು ಹಾಕಿದೀಯೇ? ಆ ಮನುಷ್ಯ ಜನ್ಮದಲ್ಲಿ ಇಂಗು ಕಂಡಿದಾನೇನೇ? ಪಾಪ, ಹೇಗೆ ಇಳಿಯುತ್ತೆ ಗಂಟಲಲ್ಲಿ!"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರು ನನ್ನ ಪಕ್ಕದಲ್ಲೇ ಕೂತರು. ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ, ಮಾವನ ಕೊನೆಯ ದಿನಗಳ ಮಾತು ತೆಗೆದರು. ಅದುವರೆಗೆ ಅವರು ಯಾರ ಮುಂದೆಯೂ ಆಡಿರದ ಮಾತು. ಚಾತುರ್ಮಾಸ್ಯದ ಕೊನೆಯ ತಿಂಗಳು ನಮ್ಮ ಮನೆಯಲ್ಲಿ ಬೇಳೆಕಾಳು ಮುಟ್ಟುವುದಿಲ್ಲ. ಆ ತಿಂಗಳಲ್ಲೇ ಮಾವ, ಏನೂ ಸೇರದೆ ಮಲಗಿದ್ದವರು, ಬಿಸಿ ಅನ್ನಕ್ಕೆ ಒಂದಿಷ್ಟು ತೊವ್ವೆ, ತುಪ್ಪ ಬೇಕು ಎಂದರಂತೆ. ಕಾಯಿಲೆಯವರಿಗೆ ನಿಯಮವಿಲ್ಲ ಎಂದು ಎಲ್ಲರೂ ಹೇಳಿದರು. ಅತ್ತೆ ಒಪ್ಪಲಿಲ್ಲ. ಹುಣ್ಣಿಮೆಯಾಗಲಿ, ಘಮಘಮ ಅನ್ನೋ ಹಾಗೆ ಮಾಡಿಕೊಡ್ತೀನಿ ಎಂದರು. ಮಾವ ಹುಣ್ಣಿಮೆಯವರೆಗೆ ಉಳಿಯಲಿಲ್ಲ...

"ಬರೀ ತೊವ್ವೆ ಕಣೇ. ಅವರೇನು ಅಮೃತ ಕೇಳಿದ್ರಾ?"

ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಣ್ಣೊರೆಸಿಕೊಂಡು ನೇರ ಕೆಲಸಕ್ಕೆ ಇಳಿದರು. ನೀನು ಮಾಡಿದ ದಿನ ಬಂದ ವಾಸನೆ ಆಯಮ್ಮ ಮಾಡುವಾಗಿನದಲ್ಲ. ನಿನ್ನದರಲ್ಲಿ ಸಿಹಿ ಮುಂದೆ ಬಂದಿದೆ, ಉಪ್ಪು ಹಿಂದೆ ಉಳಿದಿದೆ. ಅವರದರಲ್ಲಿ ಮಧ್ಯಾಹ್ನದ ಮೇಲೆ ಶುಂಠಿ ಬರುತ್ತಿತ್ತು, ನಿನ್ನದರಲ್ಲಿ ಇಲ್ಲವೇ ಇಲ್ಲ. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಟವೆಲ್ ತುರುಕಿ, ಊದುಬತ್ತಿ ಹಚ್ಚಿ ಯಾವ ವಾಸನೆಯನ್ನು ಹೊರಗಟ್ಟಲು ಇಷ್ಟು ದಿನ ಹೆಣಗಿದ್ದರೋ, ಅದು ಅವರಿಗೆ ಬಾಯಿಪಾಠವಾಗಿತ್ತು! ಅಜ್ಜಿಗೆ ಫೋನ್ ಮಾಡಿ ಶುಂಠಿಯ ವಿಷಯ ಕೇಳಿದೆ. ಅಯ್ಯೋ, ಹೇಳುವುದನ್ನೇ ಮರೆತೆನಲ್ಲ ಎಂದು ಅವರು ನಕ್ಕುಬಿಟ್ಟರು. ಬಿದ್ದ ಮೇಲೆ ಅವರ ನಗು ಕೇಳಿದ್ದು ಅದೇ ಮೊದಲು.

ಮುಂದಿನ ಶುಕ್ರವಾರ ಅತ್ತೆ ಬೆಳಿಗ್ಗೆಯೇ ಪಾಯಸ, ಪೂಜೆ ಮುಗಿಸಿ, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಮಧ್ಯಾಹ್ನ ನನ್ನ ಹಿಂದೆಯೇ ಹೊರಟರು. ಪಕ್ಕದ ಮನೆಯ ಹೊಸ್ತಿಲು ದಾಟಲಿಲ್ಲ. ಚಪ್ಪಲಿ ಬಿಡುವ ಜಾಗದ ಆಚೆ, ಕಾರಿಡಾರಿನಲ್ಲಿ ನಿಂತರು. ಆ ಪುಟ್ಟ ಮನೆಯಲ್ಲಿ ಬಾಗಿಲಿಗೆ ನಾಲ್ಕು ಹೆಜ್ಜೆಯಲ್ಲೇ ಅಡುಗೆಮನೆ. ಅಜ್ಜ ಬಂದು ಸೊಂಟದವರೆಗೆ ಬಗ್ಗಿದರು, ಅತ್ತೆ ಕೈಮುಗಿದರು. "ತೆಗಿ ಮುಚ್ಚಳ," ಎಂದರು ನನಗೆ. ನಾನು ತೆಗೆದೆ. ಅತ್ತೆ ಮೊದಲು ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದರು. ಆಮೇಲೆ ನಿಧಾನವಾಗಿ ಕೆಳಗಿಳಿಸಿದರು.

"ಆ ಕರಿ ನೀರು ಇನ್ನೊಂದು ಚಮಚ. ಸಾಕು. ಸಕ್ಕರೆ ಮುಟ್ಬೇಡ. ಶುಂಠಿ ಇನ್ನೂ ಬರ್ತಿಲ್ಲ, ಎರಡು ಬಿಲ್ಲೆ ಹಾಕು... ಹೂಂ, ಈಗ ಮುಚ್ಚು."

ಅಜ್ಜ ಏನೂ ಅರ್ಥವಾಗದೆ ನಮ್ಮಿಬ್ಬರನ್ನೂ ನೋಡುತ್ತಿದ್ದವರು, ನಾನು ಮುಚ್ಚಳ ಮುಚ್ಚುವ ಮೊದಲು ಒಮ್ಮೆ ತಲೆಯೆತ್ತಿ ಗಾಳಿಯನ್ನು ಒಳಗೆಳೆದುಕೊಂಡರು. ಓಯಿಶೀ ಎನ್ನಲಿಲ್ಲ! ನನಗೆ ಆಗಲೇ ಅರ್ಧ ಧೈರ್ಯ ಬಂತು. ಅತ್ತೆ ಮನೆಗೆ ಬಂದವರೇ ತಲೆಗೆ ಸ್ನಾನ ಮಾಡಿ, ಆ ಚಳಿಯಲ್ಲಿ ಗಡಗಡ ನಡುಗುತ್ತಾ, ಹೀಟರಿನ ಮುಂದೆ ಕೂತು ಕೂದಲು ಒಣಗಿಸಿಕೊಂಡರು. ಬಾಗಿಲಿನ ನ್ಯಾಯ ಇಷ್ಟರಮಟ್ಟಿಗೆ ಸಾಲುವುದಿಲ್ಲ ಎಂದು ಅವರಿಗೂ ಅನ್ನಿಸಿರಬೇಕು.

ಮರುದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತೆ ನನ್ನನ್ನು ಕೂಗಿದರು. ನಡುವಿನ ಅಡ್ಡಗೋಡೆಯ ಸಂದಿಯಿಂದ ಪಕ್ಕದ ಬಾಲ್ಕನಿ ಕಾಣುತ್ತದೆ. ಅಲ್ಲಿ ಸ್ಲೋ ಕುಕ್ಕರಿನ ಕಪ್ಪು ಪಾತ್ರೆಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿತ್ತು.

"ತಿಂದ ಕಣೇ! ಪೂರ್ತಿ ತಿಂದಿದಾನೆ!" ಅತ್ತೆ ನನ್ನ ತೋಳು ಹಿಡಿದು ಅಲುಗಾಡಿಸಿಬಿಟ್ಟರು. ಆ ದಿನ ನಾವಿಬ್ಬರೂ ಹೊಟ್ಟೆ ತುಂಬ ಊಟ ಮಾಡಿದೆವು.

ಅಜ್ಜಿ ತರಬೇತಿ ಮುಗಿಸಿ, ಕೋಲೂರಿಕೊಂಡು, ತಮ್ಮ ಕಾಲ ಮೇಲೆಯೇ ನಡೆದು ಬಂದರು. ಮೊದಲು ನಮ್ಮ ಮನೆಯ ಬೆಲ್ ಒತ್ತಿ, ಅತ್ತೆಯ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಏನೇನೋ ಹೇಳಿದರು. ನಾನು ಕನ್ನಡಕ್ಕೆ ತರಲು ಬಾಯಿ ತೆರೆದರೆ ಅತ್ತೆ, "ಇರ್ಲಿ ಬಿಡೇ, ಗೊತ್ತಾಯ್ತು," ಎಂದರು. ವಸಂತದಲ್ಲಿ ಅತ್ತೆ ಮೈಸೂರಿಗೆ ಹೊರಟಾಗ ಅವರ ಇಂಗಿನ ಡಬ್ಬಿಯನ್ನು ನನಗೇ ಬಿಟ್ಟುಹೋದರು, ಕಂಡಕಂಡಲ್ಲಿ ಹಾಕಬೇಡ ಎಂಬ ಎಚ್ಚರಿಕೆಯ ಜೊತೆಗೆ.

ಅವರು ಹಾಸಿಗೆ ಹಿಡಿದದ್ದು ಕೆಲವು ವರ್ಷಗಳ ನಂತರ, ಚಾತುರ್ಮಾಸ್ಯದ ಆ ಕೊನೆಯ ತಿಂಗಳಲ್ಲೇ. ಒಂದು ದಿನ, ಅವರನ್ನು ನೋಡಿಕೊಳ್ಳಲು ಬಂದಿದ್ದ ನನ್ನ ಓರಗಿತ್ತಿ ಮೈಸೂರಿನಿಂದ ಫೋನ್ ಮಾಡಿ, ಪಿಸುದನಿಯಲ್ಲಿ, "ಅತ್ತೆ ತೊವ್ವೆ ಕೇಳ್ತಿದಾರೆ. ಏನ್ಮಾಡ್ಲಿ? ಜ್ಞಾನ ಇದ್ದು ಕೇಳ್ತಿದಾರೋ ಇಲ್ವೋ ಗೊತ್ತಾಗ್ತಿಲ್ಲ," ಎಂದಳು. ಜ್ಞಾನ ಇದ್ದೇ ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಈ ನಿಮಿಷ ಕುಕ್ಕರ್ ಇಡು ಎಂದೆ. ಫೋನ್ ಇಡಲು ಬಿಡಲಿಲ್ಲ. ಬೇಳೆ ಬೆಂದು, ಬಟ್ಟಲಿಗೆ ಬಂದು, ತುಪ್ಪ ಬಿದ್ದು ಅತ್ತೆಯ ಹತ್ತಿರ ಹೋಗುವವರೆಗೂ ವಿಡಿಯೋದಲ್ಲಿ ನೋಡುತ್ತಾ ನಿಂತಿದ್ದೆ. ದಿಂಬಿಗೊರಗಿದ್ದ ಅತ್ತೆ ಕಣ್ಣು ಮುಚ್ಚಿದ್ದರು. ಬಟ್ಟಲು ಬಾಗಿಲಿಗೆ ಬಂದಾಗಲೇ, "ಉಪ್ಪು ಒಂದು ಕಲ್ಲು ಜಾಸ್ತಿ," ಎಂದರು. ಆಮೇಲೆ ಬೇಕು ಬೇಕು ಎಂದು ಉಂಡರು. ಇತ್ತ ಫುನಾಬೊರಿಯಲ್ಲಿ ನಾನು ಫೋನ್ ಹಿಡಿದು ಕಣ್ಣೀರು ಹಾಕಿದೆ. ದುಃಖಕ್ಕಲ್ಲ... ಅವರಿಗಾದರೂ ತೊವ್ವೆ ತಪ್ಪಲಿಲ್ಲವಲ್ಲ ಎಂಬ ಸಮಾಧಾನಕ್ಕೆ. ಹುಣ್ಣಿಮೆ ಕಳೆದು ಕೆಲವೇ ದಿನಕ್ಕೆ ಹೋಗಿಬಿಟ್ಟರು.

ಪಕ್ಕದ ಮನೆಯಜ್ಜನೂ ಈಗಿಲ್ಲ. ಅಜ್ಜಿಗೆ ಕಾಲು ಗಟ್ಟಿಯಾಗಿದೆ, ಆದರೆ ಆಲೂಗಡ್ಡೆ ಸುಲಿಯಲು ಬೆರಳು ಬಗ್ಗುವುದಿಲ್ಲ. ಹಾಗಾಗಿ ಶುಕ್ರವಾರದ ಕೆಲಸ ಮತ್ತೆ ನನ್ನದಾಗಿದೆ. ಮಾಂಸವನ್ನೂ ಈಗ ನಾನೇ ಹಾಕುತ್ತೇನೆ, ಉದ್ದದ ಚಾಪ್‌ಸ್ಟಿಕ್ ಹಿಡಿದು, ಮುಖ ಸ್ವಲ್ಪ ಆಚೆ ತಿರುಗಿಸಿ. ಅಜ್ಜಿಯನ್ನು ಕೇಳಿ ಪ್ರಯೋಜನವಿಲ್ಲ, ಏನು ಕೊಟ್ಟರೂ ಓಯಿಶೀ ಎನ್ನುತ್ತಾರೆ. ಅದಕ್ಕೇ ಮಧ್ಯಾಹ್ನ ಮುಚ್ಚಳ ತೆಗೆದಿಟ್ಟು, ಬಾಗಿಲಿನಾಚೆ ಹೋಗಿ, ಅತ್ತೆ ನಿಂತಿದ್ದ ಜಾಗದಲ್ಲಿ ನಿಂತು, ವಾಸನೆ ತಾನಾಗಿ ಬರಲಿ ಎಂದು ಕಾಯುತ್ತೇನೆ. ಇವತ್ತೂ ನಿಂತೆ. ಶುಂಠಿ ಬಂತು, ಸಿಹಿ ಬಂತು. ಉಪ್ಪು ಮಾತ್ರ ಎಷ್ಟು ಹೊತ್ತು ನಿಂತರೂ ನನಗೆ ಗೊತ್ತಾಗಲಿಲ್ಲ.