ಅಕ್ಕಿ ಸೀರಮ್ಮು, ಮಟಮಟ ಮಧ್ಯಾಹ್ನದ ಕನ್ಯೆ

ಎಪ್ಪತ್ತೆರಡರ ವಯಸ್ಸಿನಲ್ಲಿ ಮೊಮ್ಮಗಳ ಬಾಟ್ಲಿಯಿಂದ ಕದ್ದು ಮುಖಕ್ಕೆ ಅಕ್ಕಿ ಹಚ್ಚಿಕೊಂಡೆ ಅಂದರೆ ನಗಬೇಡಿ. ಮೇಲೆ ‘ರೈಸ್ ವಾಟರ್ ಸೀರಮ್’ ಎಂದು ಚಂದಾಗಿ ಬರೆದಿತ್ತು. ಒಳಗಿದ್ದದ್ದು ಹಬ್ಬದ ದಿನ ನಮ್ಮ ಎಮ್ಮೆಗೆ ಕುಡಿಸುತ್ತಿದ್ದ ಅಕ್ಕಿ ತೊಳೆದ ನೀರಿನ ಮೊಮ್ಮಗುವೇ. ಆ ಎಮ್ಮೆಯ ಕಾಂಪ್ಲೆಕ್ಷನ್ ಕೊನೆತನಕ ಬದಲಾಗಲಿಲ್ಲ.

ಜೋಳದ ರೊಟ್ಟಿ ತಿಂದು ಬೆಳೆದ ಸೀಮೆ ನಮ್ಮದು. ಅಕ್ಕಿ ಅಂದರೆ ಹಬ್ಬಕ್ಕೆ, ಜ್ವರ ಬಂದವರಿಗೆ, ಇಲ್ಲಾ ಇಳಕಲ್ಲಿನ ನೇಕಾರರು ನೂಲಿಗೆ ಹಚ್ಚುವ ಗಂಜಿಗೆ. ಗಂಜಿ ಕುಡಿದ ನೂಲು ಬಿರುಸಾಗುತ್ತದೆ. ಅದೇ ಗಂಜಿ ಹಚ್ಚಿದ ಕೆನ್ನೆ ಮೆತ್ತಗಾಗುತ್ತದಂತೆ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಲಿಸಿದ ಬ್ಯೂಟಿ ಟ್ರೀಟ್‌ಮೆಂಟ್ ಸೋಪು ಮತ್ತು ತಣ್ಣೀರು, ಕನ್ನಡಿ ಮುಂದೆ ನಿಂತರೆ ಬೈಗುಳ. ಆ ದಿನಗಳೇ ವಾಸಿ.

ಸೀರಮ್ ಬಂದದ್ದು ಮೊಮ್ಮಗಳು ಶಾಂಭವಿಗೆ. ಆಕೆಯನ್ನು ನೋಡಲು ಬಾದಾಮಿಯಿಂದ ಗಂಡಿನವರು ಬರುವವರಿದ್ದರು. ಬಣ್ಣ ತಿಳಿಯಾಗಲೆಂದು ತಿಂಗಳುಗಟ್ಟಲೆ ಹುಡುಗಿಯನ್ನು ಅಕ್ಕಿಯಲ್ಲಿ ನೆನೆಹಾಕಿದ್ದರು. ಹುಡುಗಿಗೋ ಸಂಜೆಯಾದರೆ ಮೆಟ್ಟಿಲು ಕಾಣುವುದಿಲ್ಲ, ಹಗಲಲ್ಲೂ ಪಕ್ಕದಲ್ಲಿ ನಿಂತವರು ಕಾಣುವುದಿಲ್ಲ. ರೆಟಿನಾ ಸವೆಯುವ ಕಾಯಿಲೆ, ಮನೆತನದಲ್ಲೇ ಹರಿದು ಬಂದದ್ದು. ಯಾವ ಜೀನ್ ಕೆಟ್ಟಿದೆಯೆಂದು ಮೊದಲು ರಕ್ತ ಪರೀಕ್ಷೆ ಆಗಬೇಕು ಎಂದಿದ್ದರು ಕಣ್ಣಿನ ಡಾಕ್ಟರು. ಕೆಲವೇ ಜೀನುಗಳಿಗೆ ಈಗ ಥೆರಪಿ ಇದೆ. ಕೆಟ್ಟ ಜೀನಿನ ಸರಿಯಾದ ಒಂದು ಪ್ರತಿಯನ್ನು ರೆಟಿನಾದ ಕೆಳಗೆ ಇಂಜೆಕ್ಟ್ ಮಾಡುತ್ತಾರೆ. ಅದೂ ಅಲ್ಲಿನ ಜೀವಕೋಶಗಳು ಬದುಕಿರುವ ತನಕ ಮಾತ್ರ. ಪರೀಕ್ಷೆಗೆ ತಂದೆ ತಾಯಿಯ ರಕ್ತವೂ ಬೇಕು.

ಅವರು ಕೊಡಲಿಲ್ಲ. ರಿಪೋರ್ಟ್ ಬಂದರೆ ಊರಿಗೆಲ್ಲ ಗೊತ್ತಾಗಿ ಬೀಗತನ ತಪ್ಪುತ್ತದಂತೆ. ಕೆನ್ನೆಗೆ ತಿಂಗಳುಗಟ್ಟಲೆ ತಪಸ್ಸು, ಕಣ್ಣಿಗೆ ಒಂದು ಸಿರಿಂಜ್ ರಕ್ತವಿಲ್ಲ. ಎಂಥ ಸೈಂಟಿಫಿಕ್ ಟೆಂಪರ್.

ಇಷ್ಟು ಬೈದ ಮೇಲೆ ನಾಲಿಗೆ ತೊದಲುತ್ತದೆ. ಶಾಂಭವಿಯ ತಂದೆ ಮಹಾಂತೇಶ ನನ್ನ ಸ್ವಂತ ತಮ್ಮ, ನನಗಿಂತ ಹದಿನೆಂಟು ವರ್ಷ ಸಣ್ಣವ. ಹೆಣ್ಣು ಮನೆಯಲ್ಲೇ ಉಳಿಯಲೆಂದು ನನ್ನ ಮಗಳನ್ನು ಅವನಿಗೆ ಕೊಟ್ಟವಳು ನಾನೇ. ನಮ್ಮಪ್ಪ ದೀಪ ಹಚ್ಚುವ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿದ್ದದ್ದನ್ನು ಕಂಡೂ ಕೊಟ್ಟೆ. ಬಟಾಣಿ ಗಿಡದ ಜೆನೆಟಿಕ್ಸಿನಲ್ಲಿ ನನಗೆ ಫುಲ್ ಮಾರ್ಕ್ಸ್ ಬಂದಿತ್ತು. ಶಾಂಭವಿಗೆ ನಾನು ತಾಯಿ ಕಡೆಯಿಂದ ಆಯಿ, ತಂದೆ ಕಡೆಯಿಂದ ಅತ್ತೆ. ಎರಡೂ ಕಡೆಯಿಂದ ತಪ್ಪಿತಸ್ಥೆ.

ಕನ್ಯಾ ನೋಡುವ ಶಾಸ್ತ್ರವನ್ನು ಮಟಮಟ ಮಧ್ಯಾಹ್ನಕ್ಕೆ ಇಟ್ಟರು, ಕಿಟಕಿಯೆಲ್ಲ ತೆರೆದು. ಚಹಾದ ತಾಟು ಹಿಡಿದು ಅಡುಗೆಮನೆಯಿಂದ ಎಷ್ಟು ಹೆಜ್ಜೆ ಎಂದು ಮೂರು ದಿನ ಪ್ರಾಕ್ಟೀಸ್ ಬೇರೆ. ಹುಡುಗಿ ತಪ್ಪದೆ ಬಂದಳು, ತಾಟು ಇಟ್ಟಳು, ಕುಳಿತಳು. ಮುಖದಾಗ ಭಾಳ ಕಳಾ ಐತಿ, ಏನು ಹಚ್ಚತೀಯವಾ, ಎಂದು ಹುಡುಗನ ತಾಯಿ ಅಕ್ಕರೆಯಿಂದ ಕೇಳಿದರು.

“ಅಕ್ಕಿ ನೀರ್ರಿ,” ಎಂದಳು ಶಾಂಭವಿ. “ಆದರ ಸಂಜಿ ಆತಂದ್ರ ನನಗ ಕಣ್ಣು ಕಾಣಂಗಿಲ್ರಿ. ಅದಕ್ಕ ಇನ್ನೂ ಯಾರೂ ಏನೂ ಹಚ್ಚಿಲ್ಲ.”

ಬಾದಾಮಿಯವರು ಮರ್ಯಾದಸ್ಥರು, ಚಹಾ ಪೂರ್ತಿ ಕುಡಿದೇ ಎದ್ದರು. ಅವರ ಕಾರು ತಿರುವು ದಾಟಿದ ಮೇಲೆ ತಮ್ಮ ನನ್ನ ಕಡೆ ತಿರುಗಿದ.

“ನೋಡಿದೇನಕ್ಕಾ, ಮಾನ ಹೋತು.”

“ಹೋಗ್ಲಿ ಬಿಡೋ. ಇನ್ನ ಮುಚ್ಚಿಡಾಕ ಏನೂ ಉಳೀಲಿಲ್ಲ. ನಾಳಿ ರಕ್ತ ಕೊಡೂಣು ನಡಿ.”

ಮರುದಿನ ಬಾಗಲಕೋಟೆಯ ದವಾಖಾನೆಯಲ್ಲಿ ಎಲ್ಲರಿಗಿಂತ ಮೊದಲು ತೋಳು ಏರಿಸಿ ಕುಳಿತವಳು ನಾನು. ನಿಮ್ಮದು ಬೇಡ ಅಜ್ಜಿ, ಏಳ್ರಿ, ಎಂದಳು ನರ್ಸಮ್ಮ. ನಾನೆದ್ದ ಕುರ್ಚಿಗೆ ತಮ್ಮ ಬಂದು ಕುಳಿತ. ಮುಖ ಆಚೆ ತಿರುಗಿಸಿದ್ದ, ಕೈ ಮಾತ್ರ ಚಾಚಿದ್ದ. ಅವನ ಹಿಂದೆ ನನ್ನ ಮಗಳು.

ರಿಪೋರ್ಟಿಗೆ ವಾರಗಳು ಹಿಡಿಯುತ್ತವಂತೆ. ಥೆರಪಿ ಇರುವ ಜೀನುಗಳಲ್ಲಿ ನಮ್ಮದು ಇರದೆಯೂ ಹೋಗಬಹುದು. ಕಾಯುತ್ತಿದ್ದೇವೆ. ಸೀರಮ್ ಬಾಟ್ಲಿಯನ್ನು ಶಾಂಭವಿ ನನಗೇ ಕೊಟ್ಟುಬಿಟ್ಟಿದ್ದಾಳೆ, ಹಿಮ್ಮಡಿಗೆ ಹಚ್ಚುತ್ತೇನೆ. ಒಡಕು ಇದ್ದಲ್ಲೇ ಇದೆ. ಕಂಡರೆ ಕಾಣಲಿ ಎಂದು ಸೀರೆಯನ್ನು ನಾಲ್ಕು ಬೆರಳು ಎತ್ತಿಯೇ ಉಟ್ಟು ಓಡಾಡುತ್ತಿದ್ದೇನೆ.