ಪಾಪಮ್ಮನ ರಾಗಿಕಲ್ಲು

1958ರಲ್ಲಿ ನಾನು ಕೋಲಾರ ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆಯ ಲೈನುಗಳಿಗೆ ಹೆಲ್ತ್ ವಿಸಿಟರ್ ಆಗಿದ್ದೆ. ಲೈನು ಎಂದರೆ ಒಂದಕ್ಕೊಂದು ಅಂಟಿಕೊಂಡ ಕಾರ್ಮಿಕರ ಸಾಲುಮನೆಗಳು. ಬಾಣಂತಿ, ಮಗು, ಕೆಮ್ಮು, ಜ್ವರ ಅಂತ ಮನೆಮನೆ ಸುತ್ತುವುದು ನನ್ನ ಕೆಲಸ. ನನ್ನ ಬಾಯಿ ಸ್ವಲ್ಪ ಜೋರು. ನಾನು ಬರುವುದು ಕಂಡರೆ ಗಂಡಸರು ಬೀಡಿ ಬಚ್ಚಿಡುತ್ತಿದ್ದರು.

ಆ ವರ್ಷ ಮುನಿವೆಂಕಟಪ್ಪ ಎಂಬ ಟಿಂಬರ್‌ಮನ್ ಆಸ್ಪತ್ರೆ ಸೇರಿದ. ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ದಿಮ್ಮಿಗಳ ಆಸರೆ ಕೊಡುವವನು ಟಿಂಬರ್‌ಮನ್. ಊರು ಕಾಮಸಮುದ್ರದ ಹತ್ತಿರ. ರಾತ್ರಿ ಪಾಳಿ ಮುಗಿಸಿ ಬಂದು, ಹಗಲು ನಿದ್ದೆ ಬರಲೆಂದು ಸಾರಾಯಿ ಹಿಡಿದಿದ್ದ. ಕುಡಿದರೆ ಬಿದ್ದಲ್ಲೇ ನಿದ್ದೆ. ಸ್ವಲ್ಪ ಹೊತ್ತಿಗೇ ಬೆವೆತು ಎದ್ದು ಕೂರುವುದು, ಮತ್ತೆ ಕುಡಿಯುವುದು. ಇನ್ನೊಮ್ಮೆ ವಾಸನೆ ಬಂದರೆ ಕೆಲಸ ಹೋಯಿತು ಅಂತ ಮೇಸ್ತ್ರಿ ಹೇಳಿಯಾಗಿತ್ತು. ಕೆಲಸ ಹೋದರೆ ಮನೆಯೂ ಬಿಡಬೇಕು. ಹೆಂಡತಿ ಯಲ್ಲಮ್ಮ ತುಂಬು ಗರ್ಭಿಣಿ.

ಆಸ್ಪತ್ರೆಯಲ್ಲಿ ಕುಡಿತ ಬಿಡಿಸಿದರು. ಮನೆಗೆ ಕಳಿಸುವಾಗ ಡಾಕ್ಟರು ನನಗೆ ಒಂದು ಮಾತು ಹೇಳಿದರು: ಕುಡಿತ ಬಿಟ್ಟವರಿಗೆ ನಿದ್ದೆ ಸರಿಹೋಗಲು ವಾರಗಟ್ಟಲೆ ಬೇಕು, ಬಹಳ ಜನ ಮತ್ತೆ ಬೀಳುವುದು ಆ ವಾರಗಳಲ್ಲೇ, ನಿದ್ದೆ ಔಷಧಿ ಕೊಡುತ್ತಾ ಹೋದರೆ ಅದೇ ಇನ್ನೊಂದು ಚಟವಾಗುತ್ತದೆ.

ಲೈನಿನ ಹೆಂಗಸರು ತಾವೇ ಮಾತಾಡಿಕೊಂಡು ಮತ್ತೆ ರಾತ್ರಿ ಪಾಳಿಗೆ ಹೋಗುತ್ತಿದ್ದ ಅವನ ಹಗಲು ನಿದ್ದೆಗಾಗಿ ಇಡೀ ಸಾಲನ್ನು ಸದ್ದಿಲ್ಲದಂತೆ ಮಾಡಿದರು. ಮಕ್ಕಳನ್ನು ಆಟಕ್ಕೆ ಆಚೆ ಲೈನಿಗೆ ಅಟ್ಟಿದರು. ಪಕ್ಕದ ಮನೆಯ ಪಾಪಮ್ಮ, ಗಂಡನನ್ನು ಗಣಿಯಲ್ಲಿ ಕಳೆದುಕೊಂಡವಳು, ನಾಲ್ಕು ಮನೆಗೆ ರಾಗಿ ಬೀಸಿಕೊಟ್ಟು ಬದುಕುತ್ತಿದ್ದಳು. ಅವಳೂ ಕಲ್ಲು ನಿಲ್ಲಿಸಿದಳು. ಎಂಥ ಜನ ಅಂತ ನನಗೆ ಕಣ್ಣು ತುಂಬಿತು.

ಆದರೆ ಒಂದು ದಿನ ಹೋದಾಗ ಮುನಿವೆಂಕಟಪ್ಪ ಗೋಡೆಗೊರಗಿ ಕೂತಿದ್ದ, ಕಣ್ಣು ಕೆಂಡ. ಯಲ್ಲಮ್ಮ ಮೂಲೆಯಲ್ಲಿ ಅಳುತ್ತಿದ್ದಳು. ಇವತ್ತು ಕುಡಿದೇ ತೀರುತ್ತೇನೆ ಅಂದನಂತೆ. ನಾನು ಚೆನ್ನಾಗಿ ಬೈದೆ. ಅವನು ತಲೆ ಎತ್ತದೆಯೇ ಹೇಳಿದ.

“ನರ್ಸಮ್ಮ, ಬಂಡೆ ಒಡೆಯೋಕೆ ಮುಂಚೆ ಚಿಟಿಚಿಟಿ ಅಂತದೆ. ನಾನ್ ಕಿವಿ ಕೊಟ್ಕಂಡಿದ್ರೇನೆ ಮಿಕ್ಕೋರು ಬದುಕೋದು. ಇಲ್ಲಿ ಇಷ್ಟ್ ಸದ್ದಿಲ್ದಂಗಿದ್ರೆ ಅದೇ ಕೇಳುಸ್ತದೆ. ಕುಡುದ್ರೇನೇ ಕಿವಿ ಮುಚ್ಚೋದು.”

ನಡುವಿನ ಗೋಡೆ ತೆಳು. ಪಾಪಮ್ಮನಿಗೆ ಎಲ್ಲಾ ಕೇಳಿಸಿತ್ತು. ಆ ಕಡೆಯಿಂದಲೇ ಕೂಗಿದಳು.

“ಲೇ ಮುನಿಯಾ, ನಾನ್ ಎದ್ದಿದ್ದೀನಿ ಕಣ್ಲಾ. ಏನಾರ ಆದ್ರೆ ನಾನ್ ಕೂಗ್ತೀನಿ. ನೀನ್ ಮಲಕ್ಕೋ.”

ಹಿಂದೆಯೇ ರಾಗಿಕಲ್ಲು ತಿರುಗತೊಡಗಿತು. ಘರಘರ ಅಂತ ಒಂದೇ ಸಮನೆ. ಅವನು ಚಾಪೆ ಮೇಲೆ ಉರುಳಿಕೊಂಡ. ನಾನೂ ಯಲ್ಲಮ್ಮನೂ ಮಿಸುಕಾಡದೆ ಕೂತೆವು. ಉಸಿರು ನಿಧಾನವಾಯಿತು, ಬಾಯಿ ತೆರೆಯಿತು, ಗೊರಕೆ ಬಂತು. ಯಲ್ಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಒಂದೇ ದಿನಕ್ಕೆ ವಾಸಿಯಾಯಿತು ಅನ್ನಲಾರೆ. ಆ ದಿನ ನಿದ್ದೆ ಬಂದದ್ದು ತುಸು ಹೊತ್ತು. ಮರುದಿನ ಬರಲೇ ಇಲ್ಲ. ಆದರೆ ಅವನು ಪಾಳಿಯಿಂದ ಬರುವ ಹೊತ್ತಿಗೆ ಸರಿಯಾಗಿ ಹೆಂಗಸರು ರಾಗಿ ತಂದು ಪಾಪಮ್ಮನ ಮನೆಯಲ್ಲಿ ಕೂರತೊಡಗಿದರು, ಅವಳ ಕೈ ಸೋತರೆ ಇನ್ನೊಬ್ಬಳು ಬೀಸುತ್ತಿದ್ದಳು. ಮಗು ಹುಟ್ಟುವ ಹೊತ್ತಿಗೆ ಮುನಿವೆಂಕಟಪ್ಪ ಮಧ್ಯಾಹ್ನದವರೆಗೂ ಮಲಗುತ್ತಿದ್ದ. ಕೆಲಸ ಉಳಿಯಿತು, ಮನೆಯೂ ಉಳಿಯಿತು.

ಕೆಲವು ವರ್ಷಗಳ ನಂತರ ಪಾಪಮ್ಮ ಎದೆನೋವಿನಿಂದ ಆಸ್ಪತ್ರೆ ಸೇರಿದಳು. ಕಣ್ಣು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಎಂಬ ಭಯಕ್ಕೆ ಮಲಗಲೇ ಒಲ್ಲಳು. ಬೆಳಗ್ಗೆ ಮುನಿವೆಂಕಟಪ್ಪ ಪಾಳಿಯಿಂದ ನೇರ ಬಂದ, ಮೈಮೇಲೆ ಇನ್ನೂ ಗಣಿಯ ಧೂಳು. ಮಂಚದ ಪಕ್ಕ ನೆಲದ ಮೇಲೆ ಕೂತ.

“ಅವ್ವಾ, ನಾನ್ ಎದ್ದಿದ್ದೀನಿ. ನೀನ್ ಮಲಕ್ಕೋ” ಅಂದ.

ಅವಳು ಮಲಗಿದಳು.

ಅವರಿಬ್ಬರ ಋಣ ನನ್ನ ಮೇಲಿದೆ. ಆಮೇಲೆ ನಿವೃತ್ತಿಯಾಗುವವರೆಗೂ, ಕುಡಿತ ಬಿಟ್ಟವನ ಮನೆಗೆ ಹೋದಾಗಲೆಲ್ಲ ನಾನು ಮೊದಲು ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದೆ.