ಡಿಸ್ಕಿನಲ್ಲಿ ಅಕ್ಕನ ಪಾಲು

ಎಂಬತ್ತರ ದಶಕದ ಕೊನೆಯ ಮಾತು. ಗದಗಿನಲ್ಲಿ ಅಕ್ಕ ಮತ್ತು ಅವಳ ಗಂಡ ನಡೆಸುತ್ತಿದ್ದ ಟೈಪಿಂಗ್ ಕ್ಲಾಸಿಗೆ ಒಂದು ಕಂಪ್ಯೂಟರ್ ಬಂದಿತ್ತು. ಅದರಲ್ಲಿ ಕನ್ನಡ ಇರಲಿಲ್ಲ. ಅಕ್ಕ ಇಂಗ್ಲಿಷ್ ಅಕ್ಷರಗಳಲ್ಲೇ ಅವ್ವನ ಬೀಸುವ ಹಾಡುಗಳನ್ನು ಬರೆದಿಟ್ಟಿದ್ದಳು. ನಮ್ಮೂರು ಸೊರಟೂರಿನಿಂದ ಬಂದ ಅವ್ವ ಪಕ್ಕದಲ್ಲಿ ಕುಳಿತು ಹಾಡುವುದು, ಅಕ್ಕ "ತಡಿ ಬೇ, ಕೈ ಓಡವಲ್ವು" ಎನ್ನುವುದು, ಇದನ್ನು ನಾನು ಕಂಡದ್ದೋ ಅಕ್ಕ ಹೇಳಿದ್ದೋ ಈಗ ಖಾತ್ರಿಯಿಲ್ಲ.

ಅಕ್ಕ ತೀರಿಕೊಂಡ ಮೇಲೆ ಅವ್ವ ಹಾಡಲಿಲ್ಲ. ಕೇಳಿದರೆ, "ಎಲ್ಲಾ ಅಕಿ ಕೈಯಾಗ ಕೊಟ್ಟೇನಿ. ನನ್ನ ಕಡೆ ಏನೂ ಉಳದಿಲ್ಲ" ಎನ್ನುತ್ತಿದ್ದಳು.

ವರ್ಷ ಕಳೆದು ಮತ್ತೆ ಹಬ್ಬ ಮಾಡಬಹುದು ಎನ್ನುವಾಗ ಕಂಪ್ಯೂಟರಿನ ಡಿಸ್ಕ್ ಕರಕರ ಎನ್ನತೊಡಗಿತು. ಅಕ್ಕನ ಗಂಡನನ್ನು ನಾನು ಮಾಮಾ ಅನ್ನುತ್ತಿದ್ದೆ. ಮಾಮಾ ಹುಬ್ಬಳ್ಳಿಯಿಂದ ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಇದ್ದದ್ದನ್ನೆಲ್ಲ ಫ್ಲಾಪಿಗಳಿಗೆ ಇಳಿಸಿಕೊಂಡು, ಹಳೆಯ ಡಿಸ್ಕ್ ಬಿಚ್ಚಿ ಹೊಸದನ್ನು ಕೂಡಿಸಿದ.

"ಡಿಸ್ಕ್ ದೊಡ್ಡದೈತ್ರಿ, ಒಂದ ಆಗಿ ಇಡಾಕ ಬರಂಗಿಲ್ಲ. ಎರಡು ಪಾಲು ಮಾಡಬೇಕು."

ಹಬ್ಬಕ್ಕೆಂದು ಬಂದಿದ್ದ ಅವ್ವ ಬಾಗಿಲಲ್ಲಿ ನಿಂತಿದ್ದಳು. "ಮನಿಗೆ ಬಂದು ತಾಸ ಆಗಿಲ್ಲ, ಪಾಲ ಮಾಡಾಕ ನಿಂತಿಯೇನೋ? ಹಿಸೆ ಮಾಡ್ಸೋ ಹಿರ್ಯಾರ ಪೈಕಿ ಇದ್ದಂಗ ಇದ್ದಿ!"

ಮೆಕ್ಯಾನಿಕ್ ನಕ್ಕ. ಮಾಮಾ ಮಾತ್ರ ನಗದೆ, "ಅತ್ತಿ, ಸಿ ಅನ್ನೂ ಪಾಲು ಕ್ಲಾಸಿನ ಕೆಲಸಕ್ಕ. ಡಿ ಅನ್ನೂದು ಅಕಿಗೆ. ಅಕಿ ಬರದ ಹಾಡಷ್ಟ ಅದರಾಗ ಇಡ್ತೇನಿ" ಎಂದರು.

ಪಾಲು ಮಾಡಿ ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಕಾದು ಕಾದು ಸಾಕಾಗಿ, ಹಬ್ಬ ಮುಗಿಸಿ ಬಂದು ಫ್ಲಾಪಿಗಳಿಂದ ಏರಿಸುತ್ತೇನೆಂದು ಹೇಳಿ ಅವನು ಬಸ್ ಹಿಡಿದ.

ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಅವ್ವ ಟೈಪ್‌ರೈಟರುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ ಹೂ ಏರಿಸಿದಳು. ಆಮೇಲೆ, "ಅಕಿ ಬರದದ್ದು ಯಾವದರಾಗ ಐತಿ?" ಎಂದು ಕೇಳಿದಳು. ಮಾಮಾ ಫ್ಲಾಪಿಗಳ ಡಬ್ಬಿ ತೋರಿಸಿ ಕಾಯಿ ತರಲು ಒಳಗೆ ಹೋದರು. ಅವ್ವ ಒಂದೊಂದನ್ನೂ ಕಾಗದದ ಚೀಲದಿಂದ ಹೊರತೆಗೆದಳು. ಫ್ಲಾಪಿಯ ಕೆಳಗೆ ಉದ್ದನೆಯ ಕಿಂಡಿ, ಅದರೊಳಗೆ ಮಿರುಗುವ ಕಂದು ಹಾಳೆ.

"ಹಣಿಯಂಗ ಐತಿ ನೋಡು," ಎಂದು ಒಂದೊಂದಕ್ಕೂ ಅಲ್ಲೇ ಬೆರಳಿನಿಂದ ಕುಂಕುಮ ಇಟ್ಟಳು. ಮುತ್ತೈದೆಯಾಗಿ ಹೋದ ಮಗಳು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನೋಡಲು ಚೆಂದ ಕಾಣುತ್ತಿತ್ತು.

ಹಬ್ಬ ಮುಗಿದ ಮೇಲೆ ಮೆಕ್ಯಾನಿಕ್ ಬಂದು ಫ್ಲಾಪಿ ಹಾಕಿದ. ಒಂದನ್ನೂ ಕಂಪ್ಯೂಟರ್ ಓದಲಿಲ್ಲ. ಹತ್ತಿಯಿಂದ ಒರೆಸಿದ, ಊದಿದ, ಮತ್ತೆ ಹಾಕಿದ. ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿದರೆ ಅದು ತಿರುಗಲೇ ಇಲ್ಲ. ಕಿವಿ ಹಚ್ಚಿ ಕೇಳಿದೆವು, ಆ ಕರಕರವೂ ಇರಲಿಲ್ಲ.

"ಕುಂಕುಮ ಒಳಗ..." ಎಂದು ಅವನು ಬಾಯಿ ತೆರೆಯುತ್ತಲೇ ಮಾಮಾ ಅವನ ಭುಜ ಹಿಡಿದರು. ಅವ್ವ ಅಲ್ಲೇ ಕುಳಿತಿದ್ದಳು.

"ಅತ್ತಿ, ಕರೆಂಟ್ ಹೋತಲ್ಲ, ಆವಾಗನ ಎಲ್ಲಾ ಸುಟ್ಟೈತಂತ," ಎಂದರು ಮಾಮಾ.

"ಹೌದಾ," ಎಂದಳು ಅವ್ವ.

ನನ್ನ ಆ ದಿನದ ಡೈರಿಯಲ್ಲಿ "ಫ್ಲಾಪಿ ಓದಲಿಲ್ಲ" ಎಂದಷ್ಟೇ ಇದೆ. ಕುಂಕುಮದ ಮಾತಿಲ್ಲ. ಫ್ಲಾಪಿಗಳೇ ಕೆಟ್ಟಿದ್ದವೇನೋ ಎಂದು ಕೆಲವೊಮ್ಮೆ ಅನಿಸುತ್ತದೆ. ಹಾಗೆ ಅನಿಸಲಿ ಎಂದು ನಾನೇ ಬಯಸುತ್ತಿರಲೂಬಹುದು. ಎರಡು ಸಾಲು ಹಾಡು ನನ್ನ ನಾಲಗೆಯ ಮೇಲಿವೆ. ಅವು ಅವ್ವನವೋ, ನಾನೇ ಕಟ್ಟಿಕೊಂಡವೋ ತಿಳಿಯದು.

ಮಾಮಾ ಡಿ ಪಾಲಿನಲ್ಲಿ ಬೇರೇನನ್ನೂ ಇಡಲಿಲ್ಲ.

ಮುಂದಿನ ವರ್ಷದ ಖಂಡೆಪೂಜೆಗೂ ಅವ್ವ ಬಂದಳು. ಟೈಪ್‌ರೈಟರುಗಳಿಗೆಲ್ಲ ಕುಂಕುಮ ಇಡುತ್ತ ಬಂದು ಕಂಪ್ಯೂಟರಿನಿಂದ ಎರಡು ಮಾರು ದೂರ ನಿಂತುಬಿಟ್ಟಳು. ತಟ್ಟೆಯನ್ನು ನನ್ನ ಕಡೆ ಚಾಚಿದಳು.

"ನೀ ಹಚ್ಚವಾ. ನನ್ನ ಕೈ ಬ್ಯಾಡ ಅದಕ್ಕ."